ನೋವು ಕಾಲಿನದು, ಮದ್ದು ಪಿರ್ರೆಗೆ

ಕೋಲಾರದ ಟೊಮೆಟೊ ಮಂಡಿಯ ಹಮಾಲಿಗೆ ಕಾಲು ಹಿಡಿದರೆ ಮೊದಲು ಬರುವ ಮಾತೇ 'ಡಿಸ್ಕ್'. ಸೊಂಟದಿಂದ ಪಾದದ ತನಕ ಹೊರಬದಿಯಲ್ಲಿ ಜಗ್ಗುತ್ತದೆ ಅಂದರೆ ಸಾಕು, ಸಯಾಟಿಕಾ (ಸೊಂಟದಲ್ಲಿ ನರ ಒತ್ತಿ ಕಾಲಿಗಿಳಿಯುವ ನೋವು) ಅಂತ ಚೀಟಿ ಬರೆದಾಯ್ತು. ಆರೇಳು ಸಾವಿರ ಕಕ್ಕಿ ಎಂಆರ್‌ಐ ಮಾಡಿಸಿದರೆ ಸೊಂಟದ ಎಲ್4-ಎಲ್5 ಬೆನ್ನುಮಣಿಗಳ ನಡುವಿನ ಡಿಸ್ಕ್ ಸ್ವಲ್ಪ ಉಬ್ಬಿರುತ್ತದೆ. ನಲವತ್ತು ದಾಟಿ ಭಾರ ಹೊತ್ತವರಲ್ಲಿ ಯಾರಿಗೆ ಉಬ್ಬಿರಲ್ಲ ಹೇಳಿ? ನಾನು ಫಿಸಿಯೋಥೆರಪಿಸ್ಟ್. ನನ್ನ ಹತ್ತಿರ ಬರುವ ಇಂಥವರಲ್ಲಿ ಅರ್ಧಕ್ಕರ್ಧ ಜನರ ನೋವು ಹೊರಡುವುದು ಪಿರ್ರೆಯ ಆಳದಲ್ಲಿರುವ ಗ್ಲುಟಿಯಸ್ ಮಿನಿಮಸ್ ಅನ್ನೋ ಸ್ನಾಯುವಿನಿಂದ. ಇದನ್ನು ಹೇಳಿದಾಗ ಜೊತೆಯ ಫಿಸಿಯೋಗಳೇ ನಕ್ಕರು. ಈಗ ಅವರೇ ಕೇಸು ಕಳಿಸುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಮೊದಲು ನಾನೂ ಎಲ್ಲರ ಹಾಗೆ ಸೊಂಟ ಎಳೆಯುತ್ತಿದ್ದೆ. ಹಾಗೆ ಎಳೆಯುವ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಷನ್ ಟೇಬಲ್‌ಗೆ ನಲವತ್ತು ಸಾವಿರದ ಹತ್ತಿರ ಹೋಯ್ತು. ಬೆಳಿಗ್ಗೆ ಎಳೆಸಿಕೊಂಡವರು ಸಂಜೆಗೆ ಮತ್ತೆ ಕುಂಟುತ್ತಿದ್ದರು. ಆ ಟೇಬಲ್ ಮೇಲೆ ಈಗ ಬೆಡ್‌ಶೀಟ್ ಮಡಚಿಡುತ್ತೇವೆ. ಆಮೇಲೆ ಚರ್ಮಕ್ಕೆ ಅಂಟಿಸುವ ಟೇಪ್ ಹಾಕಿ ನೋಡಿದೆ. ರೋಲಿಗೆ ನಾನೂರು-ಐನೂರು ರೂಪಾಯಿ. ಮಾರುಕಟ್ಟೆಯಲ್ಲಿ ಸುರಿಯುವ ಬೆವರಿಗೆ ಅದು ಮಧ್ಯಾಹ್ನಕ್ಕೇ ಸುರುಳಿ ಸುತ್ತಿ ಕೈಗೆ ಬರುತ್ತಿತ್ತು. ಬಿಸಿ ಶಾಖ, ನೋವಿಗೆ ಕೊಡುವ ಅಲ್ಟ್ರಾಸೌಂಡ್, ಮೀನಖಂಡಕ್ಕೆ ಮಸಾಜ್, ಎಲ್ಲ ಆಯ್ತು. ದುಡ್ಡು ಅವರದೂ ಹೋಯ್ತು, ನನ್ನದೂ ಹೋಯ್ತು.

ತಲೆಗೆ ಹುಳ ಬಿಟ್ಟಿದ್ದು ಪರೀಕ್ಷೆಗಳೇ. ಎಸ್‌ಎಲ್‌ಆರ್, ಅಂದರೆ ಮಲಗಿಸಿ ಮೊಣಕಾಲು ಮಡಚದೆ ಕಾಲೆತ್ತುವ ಪರೀಕ್ಷೆಯಲ್ಲಿ, ಕಾಲು ಆರಾಮಾಗಿ ಎಂಬತ್ತು ಡಿಗ್ರಿ ಏಳುತ್ತೆ. ಕಾಲಿನ ಹೆಬ್ಬೆರಳಿಗೆ ಬಲ ಇದೆ, ಆಂಕಲ್ ಜರ್ಕ್ (ಹಿಮ್ಮಡಿಯ ಹಿಂದೆ ತಟ್ಟಿದರೆ ಪಾದ ಜಿಗಿಯೋದು) ಎರಡೂ ಕಡೆ ಸಮ, ಚರ್ಮದ ಮೇಲೆ ಹತ್ತಿ ಮುಟ್ಟಿಸಿದರೆ ಗೊತ್ತಾಗುತ್ತೆ. ನರ ಸಿಕ್ಕಿಕೊಂಡಿದ್ದರೆ ಇವೆಲ್ಲ ಇಷ್ಟು ಚೊಕ್ಕಟವಾಗಿ ಇರುತ್ತವಾ? ಇನ್ನೊಂದು ವಿಷಯ. ನೋವು ಎಲ್ಲಿ ಅಂದರೆ ಇವರು ಒಂದು ಬೆರಳು ಇಟ್ಟು ತೋರಿಸಲ್ಲ. ಇಡೀ ಅಂಗೈಯನ್ನು ತೊಡೆಯ ಪಕ್ಕದಿಂದ ಕೆಳಗೆ ಸವರಿ ತೋರಿಸುತ್ತಾರೆ.

ಪಿರ್ರೆಯ ಆ ಸ್ನಾಯು ಹುಡುಕೋದು ಹೀಗೆ. ಪಕ್ಕಕ್ಕೆ ಮಲಗಿಸಿ, ನೋವಿನ ಕಾಲು ಮೇಲೆ. ಟ್ರೊಕಾಂಟರ್‌ನಿಂದ (ತೊಡೆಯ ಮೇಲ್ತುದಿಯ ಪಕ್ಕದಲ್ಲಿ ಕೈಗೆ ಸಿಗುವ ಮೂಳೆಯ ಉಬ್ಬು) ನಾಲ್ಕು ಬೆರಳು ಮೇಲಕ್ಕೆ, ಒಂಚೂರು ಮುಂದಕ್ಕೆ. ಹೆಬ್ಬೆರಳು ಸಾಲಲ್ಲ, ಮೊಣಕೈ ಬೇಕು. ಭಾರ ನಿಧಾನಕ್ಕೆ ಬಿಡಿ. ಮೊದಲ ಏಳೆಂಟು ಸೆಕೆಂಡ್ ಏನೂ ಆಗಲ್ಲ. "ಸಾರ್, ನೋವಿರೋದು ಮೀನಖಂಡದಲ್ಲಿ, ನೀವೇನು ಕುಂಡಿ ಒತ್ತುತಾ ಇದ್ದೀರಾ?" ಅಂತ ಕೇಳುತ್ತಲೇ ಇರುತ್ತಾರೆ. ಆಮೇಲೆ ಕಾಲಿನ ಬೆರಳು ಮುದುಡುತ್ತೆ, ಮಂಚದ ಅಂಚನ್ನು ಕೈ ಗಟ್ಟಿಯಾಗಿ ಹಿಡಿಯುತ್ತೆ. "ಅದೇ ಸಾರ್, ಅದೇ! ಗಿಣ್ಣಿಗೆ ಇಳೀತು!" ಈ 'ಅದೇ' ಬರದಿದ್ದರೆ ನಾನು ಮುಂದುವರಿಯಲ್ಲ. ಬೇರೆ ಥರದ ನೋವು ಬಂದರೆ ಲೆಕ್ಕಕ್ಕಿಲ್ಲ. ಅವರ ನೋವೇ ಬರಬೇಕು. ಕಾಲನ್ನು ಯಾವ ಕೋನದಲ್ಲಿ ಇಡಬೇಕು, ದಿಂಬು ಎಲ್ಲಿ ತುರುಕಬೇಕು ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ. ಕಷ್ಟಪಟ್ಟು ಕಲಿತಿದ್ದು, ಕ್ಲಿನಿಕ್ಕಿಗೆ ಬಂದರೆ ತೋರಿಸುತ್ತೇನೆ.

ಒತ್ತಡ ಒಂದೂವರೆ ನಿಮಿಷ, ಸ್ವಲ್ಪ ಬಿಟ್ಟು ಇನ್ನೊಮ್ಮೆ, ಕೊನೆಗೆ ಸ್ಟ್ರೆಚ್. ಮನೆಗೆ ಮೂವತ್ತು ರೂಪಾಯಿಯ ರಬ್ಬರ್ ಚೆಂಡು. ಗೋಡೆಗೂ ಪಿರ್ರೆಗೂ ನಡುವೆ ಇಟ್ಟುಕೊಂಡು ಒರಗಬೇಕು. ಐದಾರು ಸಿಟ್ಟಿಂಗ್‌ನಲ್ಲಿ ಹೆಚ್ಚಿನವರು ಕೆಲಸಕ್ಕೆ ವಾಪಸ್. ಪೂರ್ತಿ ಹೋಯ್ತಾ ಅಂದರೆ, ಸೀಸನ್ ಜೋರಾದಾಗ ಕೆಲವರು ಮತ್ತೆ ಬರುತ್ತಾರೆ. ಹದಿನೈದು ಕಿಲೋದ ಕ್ರೇಟು, ಎರಡೆರಡು ಒಟ್ಟಿಗೆ, ಯಾವಾಗಲೂ ಒಂದೇ ಹೆಗಲು. ಹೆಗಲು ಬದಲಿಸಣ್ಣ ಅಂದರೆ ನಗುತ್ತಾರೆ. ಕೂಲಿ ಇರೋದು ಕ್ರೇಟ್ ಲೆಕ್ಕದಲ್ಲಿ ಅಲ್ವಾ, ಸ್ಪೀಡು ಕಮ್ಮಿಯಾದರೆ ದುಡ್ಡೂ ಕಮ್ಮಿ.

ಕರೆಂಟಿನ ಕಥೆ ಹೇಳಲೇಬೇಕು. ಇನ್ನೂರು ರೂಪಾಯಿ ಕೊಟ್ಟವರು ನೋವಿದ್ದ ಕಡೆ ಕರೆಂಟ್ ಇಡಲಿಲ್ಲ ಅಂದರೆ ಮಾರನೇ ದಿನ ಬರಲ್ಲ. ಒಂದು ಸೀಸನ್ ಪೂರ್ತಿ ಕೆಲವರಿಗೆ ಐಎಫ್‌ಟಿ (ನೋವಿಗೆ ಪ್ಯಾಡ್ ಇಟ್ಟು ಕೊಡುವ ಸಣ್ಣ ಕರೆಂಟ್) ಇಟ್ಟು, ಕೆಲವರಿಗೆ ಇಡದೆ ನೋಡಿದೆ. ಕೊನೆತನಕ ಬಂದವರಲ್ಲಿ ಎರಡು ಗುಂಪೂ ಹೆಚ್ಚುಕಮ್ಮಿ ಒಂದೇ. ಆದರೆ ಕರೆಂಟ್ ಇಲ್ಲದವರು ನಡುವೆಯೇ ಬಿಟ್ಟುಹೋಗಿದ್ದು ಜಾಸ್ತಿ. ಅದಕ್ಕೇ ಈಗಲೂ ಮೀನಖಂಡದ ಮೇಲೆ ಪ್ಯಾಡ್ ಹಾಕಿ ಹತ್ತು ನಿಮಿಷ ಬಿಡುತ್ತೇನೆ. ಅವರಿಗೂ ಸಮಾಧಾನ, ನನಗೂ ಮೊಣಕೈಗೆ ರೆಸ್ಟ್.

ಸ್ನಾಯುವಿನ ನೋವು ದೂರ ಹೋಗುತ್ತೆ ಅನ್ನೋದು ನಾನು ಹುಟ್ಟಿಸಿದ ಮಾತಲ್ಲ. 1938ರಲ್ಲೇ ಕೆಲ್‌ಗ್ರೆನ್ ಅನ್ನೋ ಡಾಕ್ಟರು ಸ್ನಾಯುಗಳಿಗೆ ಉಪ್ಪುನೀರು ಚುಚ್ಚಿ, ನೋವು ಬೇರೆಲ್ಲೋ ಕಾಣಿಸಿಕೊಳ್ಳೋದನ್ನ ಬರೆದಿಟ್ಟಿದ್ದಾರೆ.

ಹಾಗಂತ ಎಲ್ಲದಕ್ಕೂ ಮೊಣಕೈ ಹಾಕಬೇಡಿ. ಎಡಗೈ ಸೆಳೆತದ ಜೊತೆ ದವಡೆ ನೋವು, ಬೆವರು ಇದ್ದರೆ ಮುಟ್ಟೋದೇ ಬೇಡ, ಮೊದಲು ಇಸಿಜಿ. ಒಬ್ಬರು ಬಲಗಡೆ ರೆಕ್ಕೆಮೂಳೆ ಕೆಳಗೆ ನೋವು ಅಂತ ಬಂದರು. ಎಲ್ಲಿ ಒತ್ತಿದರೂ 'ಅದೇ' ಅನ್ನಲಿಲ್ಲ. ಬಿರಿಯಾನಿ ತಿಂದ ರಾತ್ರಿ ಜಾಸ್ತಿ ಅಂದಾಗ ಸ್ಕ್ಯಾನಿಗೆ ಕಳಿಸಿದೆ, ಪಿತ್ತಕೋಶದಲ್ಲಿ ಕಲ್ಲು. ಇನ್ನೊಬ್ಬ ದಪ್ಪಗಿನ ಹುಡುಗ, ಹದಿಮೂರು ವರ್ಷ ಇರಬೇಕು. ಮಂಡಿನೋವು ಅಂತ ಬೇರೆ ಕಡೆ ಮಂಡಿಗೇ ಎರಡು ಎಕ್ಸ್‌ರೇ ಆಗಿತ್ತು, ಎರಡೂ ನಾರ್ಮಲ್. ಪಾದ ಹೊರಗೆ ತಿರುಗಿಸಿಕೊಂಡು ಕುಂಟುತ್ತಿದ್ದ. ಸೊಂಟದ ಕೀಲು ಒಳಗೆ ತಿರುಗಿಸಲು ಹೋದರೆ ತಿರುಗಲೇ ಇಲ್ಲ. ತಕ್ಷಣ ನಡೆಯೋದು ನಿಲ್ಲಿಸಿ ಮೂಳೆ ಡಾಕ್ಟರ ಹತ್ತಿರ ಕಳಿಸಿದೆ. ತೊಡೆಮೂಳೆಯ ತಲೆ ಜಾರಿತ್ತು, ಸ್ಕ್ರೂ ಹಾಕಿದರು.

ಈಗ ಶಿಡ್ಲಘಟ್ಟದ ಕಡೆಯಿಂದ ರೇಷ್ಮೆ ರೀಲರ್‌ಗಳು (ಗೂಡಿನಿಂದ ನೂಲು ಬಿಚ್ಚುವವರು) ಮಣಿಕಟ್ಟು ನೋವು ಅಂತ ಬರುತ್ತಿದ್ದಾರೆ. ನನ್ನ ಅನುಮಾನ ಕಂಕುಳ ಒಳಗಿನ ಸಬ್‌ಸ್ಕ್ಯಾಪುಲಾರಿಸ್ ಸ್ನಾಯುವಿನ ಮೇಲೆ. ನಾಲ್ವರಲ್ಲಿ ಒಬ್ಬರಿಗೆ ವಾಸಿಯಾಗುತ್ತಿದೆ, ಉಳಿದವರಿಗೆ ಇನ್ನೂ ಇಲ್ಲ. ಬಿಸಿನೀರಿನ ಬೇಸಿನ್ ಮುಂದೆ ಅವರು ಹೇಗೆ ಕೂರುತ್ತಾರೆ ಅಂತ ನೋಡಲು ಭಾನುವಾರ ಒಂದು ಘಟಕಕ್ಕೆ ಹೋಗೋಣ ಅಂತಿದ್ದೇನೆ.