ಹಾಳೆಯ ಕಡೆ ನೋಡದೆ ಚಿತ್ರ ಬರೆಯಿರಿ: ಅಂಚುರೇಖೆಯ ಅಭ್ಯಾಸ ಹೀಗೆ

ಮೇಜಿನ ಮೇಲೊಂದು ಸ್ಟೀಲ್ ಲೋಟವಿಟ್ಟು ಅದರ ಚಿತ್ರ ಬರೆಯಲು ಹೇಳಿದರೆ, ಚಿತ್ರಕಲೆ ಕಲಿಯದ ಬಹುತೇಕರು ಬಾಯಿಯನ್ನು ಅಂಡಾಕಾರವಾಗಿ ಬರೆದು ತಳಕ್ಕೆ ಮಾತ್ರ ನೇರ ಗೆರೆ ಎಳೆದುಬಿಡುತ್ತಾರೆ. ಲೋಟ ಸಮತಟ್ಟಾದ ಮೇಜಿನ ಮೇಲೆ ಕೂತಿದೆ ಎಂಬುದು ಗೊತ್ತಿರುವುದರಿಂದ, ತಳವೂ ಸಪಾಟಾಗಿಯೇ ಇರಬೇಕೆಂದು ಅವರು ನೋಡುವ ಮೊದಲೇ ತೀರ್ಮಾನಿಸಿರುತ್ತಾರೆ. ಆದರೆ ಕುರ್ಚಿಯಲ್ಲಿ ಕುಳಿತು ನೋಡುವಾಗ ತಳದ ಅಂಚು ಸ್ಪಷ್ಟವಾಗಿ ಬಾಗಿರುತ್ತದೆ. ಕಣ್ಣಿನ ಮಟ್ಟದಿಂದ ಕೆಳಗಿಳಿದಷ್ಟೂ ವೃತ್ತವು ಹೆಚ್ಚು ತೆರೆದುಕೊಂಡು ಕಾಣುವುದರಿಂದ, ಅದು ಬಾಯಿಗಿಂತಲೂ ದುಂಡಗೆ ಕಾಣುತ್ತದೆ. ಚಿತ್ರ ಕೆಡುವುದಕ್ಕೆ ಕೈಯ ಅಶಕ್ತಿಗಿಂತ ಹೆಚ್ಚಾಗಿ ಇಂಥ ನೋಡದ ತೀರ್ಮಾನಗಳೇ ಕಾರಣ. ಕಂಟೂರ್ ಡ್ರಾಯಿಂಗ್, ಅಂದರೆ ಅಂಚುರೇಖೆಯ ಚಿತ್ರಣ, ಈ ಅಭ್ಯಾಸವನ್ನು ಬಿಡಿಸುವ ಹಳೆಯ ಮತ್ತು ಖರ್ಚಿಲ್ಲದ ಸಾಧನ.

ನ್ಯೂಯಾರ್ಕ್‌ನ ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಕಿಮಾನ್ ನಿಕೊಲೈಡಿಸ್ ಈ ವಿಧಾನವನ್ನು ಕ್ರಮಬದ್ಧ ಪಾಠವಾಗಿಸಿದರು. ಅವರು 1938ರಲ್ಲಿ ತೀರಿಕೊಂಡರು. ಅವರ ಪಾಠಕ್ರಮ ಪುಸ್ತಕವಾಗಿ ಹೊರಬಂದದ್ದು 1941ರಲ್ಲಿ. ಪೆನ್ಸಿಲ್ಲಿನ ಮೊನೆ ಹಾಳೆಯನ್ನಲ್ಲ, ಎದುರಿಗಿರುವ ವಸ್ತುವನ್ನೇ ಮುಟ್ಟುತ್ತಿದೆ ಎಂದು ನಂಬಿಕೊಂಡು ಗೆರೆ ಎಳೆಯಬೇಕು ಎಂಬುದು ಅವರ ಮುಖ್ಯ ಸೂಚನೆಯಾಗಿತ್ತು. ಮುಂದಿನ ಹಂತಗಳೆಲ್ಲ ಈ ಒಂದು ಸೂಚನೆಯ ವಿಸ್ತರಣೆಯೇ.

ಮೊದಲ ಹಂತ: ಸಿದ್ಧತೆ

ಎ4 ಅಳತೆಯ ಸಾಮಾನ್ಯ ಬಿಳಿ ಹಾಳೆಗಳು, ಒಂದು 2ಬಿ ಪೆನ್ಸಿಲ್ ಅಥವಾ ಬಾಲ್ ಪೆನ್, ಅಂಟಿಸುವ ಟೇಪು ಮತ್ತು ಮೊಬೈಲಿನ ಅಲಾರಾಂ ಇದ್ದರೆ ಸಾಕು. ರಬ್ಬರನ್ನು ದೂರವಿಡಿ. ದುಬಾರಿ ಸ್ಕೆಚ್ ಪುಸ್ತಕ ತಂದರೆ ಹಾಳೆ ಕೆಡುತ್ತದೆಂಬ ಅಳುಕಿನಿಂದ ಕೈ ಬಿಗಿಯುವುದೇ ಹೆಚ್ಚು, ಆದ್ದರಿಂದ ಆರಂಭಕ್ಕೆ ಅದು ಬೇಡ.

ವಸ್ತುವಿನ ಆಯ್ಕೆಯಲ್ಲಿ ನನ್ನ ಮೊದಲ ಮತ ಹಸಿಶುಂಠಿಗೆ. ಶುಂಠಿ ಹೀಗೇ ಇರಬೇಕೆಂಬ ಸಿದ್ಧ ಚಿತ್ರ ಯಾರ ತಲೆಯಲ್ಲೂ ಇರುವುದಿಲ್ಲವಾದ್ದರಿಂದ ನೋಡದೆ ಗತ್ಯಂತರವಿಲ್ಲ. ಹೂವು, ಮುಖ, ತೆಂಗಿನಮರಗಳ ಸಿದ್ಧ ಆಕಾರಗಳು ಚಿಕ್ಕಂದಿನಿಂದಲೇ ಕೈಗೆ ಅಂಟಿಕೊಂಡಿರುತ್ತವೆ, ಅವು ನಂತರಕ್ಕಿರಲಿ.

ಎರಡನೆಯ ಹಂತ: ಹಾಳೆ ನೋಡದ ರೇಖೆ

ಇದೇ ಅಭ್ಯಾಸದ ತಿರುಳು. ಹಾಳೆ ಅಲುಗಾಡದಂತೆ ಮೂಲೆಗಳಿಗೆ ಟೇಪು ಅಂಟಿಸಿ, ಬರೆಯುವ ಕೈ ಕಣ್ಣಿಗೆ ಬೀಳದಂತೆ ಮೈಯನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಕುಳಿತುಕೊಳ್ಳಿ. ಅಲಾರಾಮನ್ನು ಹತ್ತು ನಿಮಿಷಕ್ಕೆ ಇಡಿ. ಶುಂಠಿಯ ಅಂಚಿನ ಮೇಲೆ ಒಂದು ಬಿಂದುವನ್ನು ಆರಿಸಿಕೊಂಡು, ಪೆನ್ಸಿಲ್ಲಿನ ಮೊನೆ ಆ ಬಿಂದುವನ್ನು ಮುಟ್ಟಿದೆ ಎಂದು ಮನಸ್ಸಿಗೆ ಖಚಿತವಾಗುವವರೆಗೆ ಕಾಯಿರಿ. ಬಳಿಕ ಕಣ್ಣು ಅಂಚಿನ ಗುಂಟ ಎಷ್ಟು ಸರಿಯುತ್ತದೆಯೋ ಅಷ್ಟೇ ಪೆನ್ಸಿಲ್ಲೂ ಸರಿಯಲಿ. ಕಣ್ಣು ನಿಂತರೆ ಕೈಯೂ ನಿಲ್ಲಬೇಕು, ಹಾಳೆಯಿಂದ ಮೇಲೇಳಬಾರದು.

ವೇಗದ ವಿಷಯದಲ್ಲೇ ಹೆಚ್ಚಿನವರು ಎಡವುತ್ತಾರೆ. ಹೆಬ್ಬೆರಳಿನುದ್ದದ ಶುಂಠಿಯ ಅಂಚು ಅರ್ಧ ನಿಮಿಷದಲ್ಲಿ ಮುಗಿದುಹೋಗಿದೆ ಎಂದಾದರೆ ನೀವು ಅದನ್ನು ನೋಡಿಲ್ಲ, ಊಹಿಸಿದ್ದೀರಿ ಎಂದೇ ಅರ್ಥ. ನಿಧಾನಿಸಿದಾಗ ವಿವರಗಳು ಒಂದೊಂದಾಗಿ ಎದುರಾಗುತ್ತವೆ. ನಯವಾಗಿ ಕಾಣುತ್ತಿದ್ದ ಅಂಚು, ಗೆಡ್ಡೆಯನ್ನು ಸುತ್ತುವರಿದ ತೆಳು ಬಳೆಗಳು ಬಂದು ಸೇರುವಲ್ಲೆಲ್ಲ ಸಣ್ಣದಾಗಿ ಮೆಟ್ಟಿಲು ಹಾಕುತ್ತದೆ. ಒಣಗಿದ ಸಿಪ್ಪೆ ಒಂದೆಡೆ ಎದ್ದು ಹೊರಚಾಚಿರುತ್ತದೆ. ಮುರಿದ ತುದಿಯಲ್ಲಿ ನಾರುಗಳು ಒಂದೇ ಮಟ್ಟದಲ್ಲಿ ಕತ್ತರಿಸಿಲ್ಲ. ಒಂದು ಕವಲು ಇನ್ನೊಂದರ ಮುಂದೆ ಬಂದಿರುವಲ್ಲಿ ಅಂಚು ಹೊರಗಿನಿಂದ ಒಳಕ್ಕೆ ತಿರುಗಿ ಗೆಡ್ಡೆಯ ಮೈಮೇಲೆ ಸ್ವಲ್ಪ ದೂರ ಸಾಗಿ ಮಾಯವಾಗುತ್ತದೆ. ಅಲ್ಲಿ ರೇಖೆಯೂ ಅದರ ಹಿಂದೆಯೇ ಒಳಕ್ಕೆ ಹೋಗಬೇಕು. ಹೊರಸುತ್ತನ್ನಷ್ಟೇ ಬರೆದು ಮುಗಿಸಿದರೆ ಸಿಗುವುದು ವಸ್ತುವಿನ ನೆರಳು ಮಾತ್ರ. ಅಂಚು ಮಾಯವಾದ ಕಡೆ ನಿಂತು, ಹಾಳೆಯನ್ನು ನೋಡದೆಯೇ ಬಂದ ದಾರಿಯಲ್ಲಿ ಹಿಂದಿರುಗಿ ಮುಂದುವರಿಯಿರಿ.

ಮುಗಿದ ಚಿತ್ರ ಶುಂಠಿಯಂತೆ ಇರುವುದಿಲ್ಲ. ಗೆರೆಗಳು ಒಂದರ ಮೇಲೊಂದು ಹತ್ತಿರುತ್ತವೆ, ಆರಂಭ ಮತ್ತು ಅಂತ್ಯ ಕೂಡಿರುವುದಿಲ್ಲ. ಅದನ್ನು ತಿದ್ದಬೇಡಿ. ಹೋಲಿಕೆಯನ್ನು ಬಿಟ್ಟು, ರೇಖೆ ಎಲ್ಲಿ ಸಣ್ಣ ಏರಿಳಿತಗಳಿಂದ ಕೂಡಿದೆ, ಎಲ್ಲಿ ಜಾರಿದಂತೆ ನಯವಾಗಿದೆ ಎಂದಷ್ಟೇ ಪರಿಶೀಲಿಸಿ. ನಯವಾದ ಭಾಗದಲ್ಲಿ ಬಹುಪಾಲು ಗಮನ ತಪ್ಪಿರುತ್ತದೆ, ಮರುದಿನ ಅಲ್ಲಿಂದಲೇ ಆರಂಭಿಸಬಹುದು.

ಮೂರನೆಯ ಹಂತ: ನಿಮ್ಮದೇ ಅಂಗೈ

ಬರೆಯದ ಕೈಯ ಬೆರಳುಗಳನ್ನು ಅರೆ ಮಡಚಿ, ಅಂಗೈಯ ಸುಕ್ಕುಗಳನ್ನು ಮಾತ್ರ ಮೇಲಿನ ಕ್ರಮದಲ್ಲೇ ಬರೆಯಿರಿ. 1979ರಲ್ಲಿ ಪ್ರಕಟವಾದ ತಮ್ಮ ಪುಸ್ತಕದ ಮೂಲಕ ಅಮೆರಿಕದ ಕಲಾ ಶಿಕ್ಷಕಿ ಬೆಟ್ಟಿ ಎಡ್ವರ್ಡ್ಸ್ ಈ ಅಭ್ಯಾಸವನ್ನು ಜನಪ್ರಿಯಗೊಳಿಸಿದರು. ಮಿದುಳಿನ ಬಲಭಾಗ ಚಿತ್ರಕ್ಕೆ, ಎಡಭಾಗ ಮಾತಿಗೆ ಎಂಬಂತೆ ಆ ಪುಸ್ತಕದ ಹೆಸರಿನಲ್ಲಿ ಈ ಅಭ್ಯಾಸದ ಫಲವನ್ನು ಸರಳವಾಗಿ ವಿವರಿಸುವುದನ್ನು ಇಂದಿನ ನರವಿಜ್ಞಾನ ಒಪ್ಪುವುದಿಲ್ಲ. ಅಭ್ಯಾಸದ ಉಪಯೋಗಕ್ಕೇನೂ ಅದರಿಂದ ಕುಂದಿಲ್ಲ. ಸುಕ್ಕುಗಳು ಸಾಕಾದ ಮೇಲೆ ಉಗುರುಗಳಿಗೆ ಹೋಗಿ. ಪಕ್ಕಕ್ಕೆ ತಿರುಗಿದ ಬೆರಳಿನಲ್ಲಿ ಉಗುರು ಸಣ್ಣದೊಂದು ಸೀಳಿನಷ್ಟೇ ಕಾಣುತ್ತದೆ, ಆದರೂ ಅದನ್ನು ಪೂರ್ತಿ ಬರೆಯಬೇಕೆಂಬ ಒತ್ತಡ ಕೈಗೆ ಇದ್ದೇ ಇರುತ್ತದೆ.

ನಾಲ್ಕನೆಯ ಹಂತ: ಆಗೊಮ್ಮೆ ಈಗೊಮ್ಮೆ ಹಾಳೆ

ಒಂದೆರಡು ವಾರ ನಿತ್ಯವೂ ಹೀಗೆ ಬರೆದ ಬಳಿಕ ಹಾಳೆಯನ್ನು ನೋಡಲು ಅನುಮತಿಯಿದೆ, ಒಂದು ಷರತ್ತಿನೊಂದಿಗೆ: ನೋಡುವಾಗ ಪೆನ್ಸಿಲ್ ನಿಂತಿರಬೇಕು. ಗೆರೆ ಎಲ್ಲಿಗೆ ತಲುಪಿದೆ, ಮುಂದಿನ ಗೆರೆ ಎಲ್ಲಿಂದ ಹೊರಡಬೇಕು ಎಂದು ಅಂದಾಜಿಸಿ, ಮತ್ತೆ ವಸ್ತುವಿನ ಕಡೆ ತಿರುಗಿದ ಮೇಲೆಯೇ ಕೈ ಚಲಿಸಲಿ. ಆಗ ಅಳತೆ, ಪ್ರಮಾಣಗಳು ತಾವಾಗಿ ಸುಧಾರಿಸುತ್ತವೆ. ಬಿಟ್ಟುಬಂದ ಲೋಟವನ್ನು, ಮನೆಮುಂದೆ ಕಳಚಿಟ್ಟ ಚಪ್ಪಲಿಯನ್ನು ಈಗ ಎತ್ತಿಕೊಳ್ಳಬಹುದು. ಚಪ್ಪಲಿಯ ಪಟ್ಟಿಗಳ ನಡುವಿನ ಖಾಲಿ ಜಾಗಕ್ಕೂ ಆಕಾರವಿದೆ. ಪಟ್ಟಿ ಕೈಗೆ ಸಿಗದಿದ್ದರೆ ಆ ಜಾಗದ ಅಂಚನ್ನೇ ಬರೆಯಿರಿ.

ಐದನೆಯ ಹಂತ: ಮೈಮೇಲಿನ ರೇಖೆ

ಬದನೆಕಾಯಿಯಂಥ ದುಂಡು ವಸ್ತುವಿಗೆ ಅಡ್ಡಲಾಗಿ ನಾಲ್ಕೈದು ರಬ್ಬರ್ ಬ್ಯಾಂಡ್ ಹಾಕಿ, ಅಂಚನ್ನು ಬಿಟ್ಟು ಆ ಬ್ಯಾಂಡುಗಳ ಬಾಗನ್ನಷ್ಟೇ ಬರೆಯಿರಿ. ಉಬ್ಬಿದೆಡೆ ಹೆಚ್ಚು, ಸಪೂರವಿದ್ದೆಡೆ ಕಡಿಮೆ ಬಾಗುವ ಈ ಗೆರೆಗಳು, ಛಾಯೆಯ ನೆರವಿಲ್ಲದೆಯೇ ವಸ್ತುವಿನ ಗಾತ್ರವನ್ನು ತೋರಿಸುತ್ತವೆ.

ಆರನೆಯ ಹಂತ: ಜನರ ನಡುವೆ

ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕಲಾವಿದ ಕೆ. ಕೆ. ಹೆಬ್ಬಾರರ ನರ್ತಕರ ಚಿತ್ರಗಳಲ್ಲಿ ಕೆಲವೇ ಗೆರೆಗಳಿಗೆ ಇಡೀ ದೇಹದ ಲಯ ದಕ್ಕಿರುವುದನ್ನು ಕಂಡು, ಅಂಥ ಚುರುಕಿಗೆ ನೇರವಾಗಿ ಕೈಹಾಕುವವರಿದ್ದಾರೆ. ಆ ಆಸೆ ಸಹಜವೇ, ಆದರೆ ಈ ಅಭ್ಯಾಸ ಕಲಿಸುವುದು ವೇಗವನ್ನಲ್ಲ. ಬಸ್ ನಿಲ್ದಾಣದಲ್ಲಿ ತೂಕಡಿಸುತ್ತಿರುವವರು, ಪತ್ರಿಕೆ ಓದುತ್ತಿರುವವರು, ಅಂಗಡಿ ಮುಂದೆ ಮಲಗಿದ ನಾಯಿ, ಹೀಗೆ ಕಡಿಮೆ ಅಲುಗಾಡುವವರನ್ನೇ ಆರಿಸಿಕೊಳ್ಳಿ. ಅಪರಿಚಿತರನ್ನು ದಿಟ್ಟಿಸಿ ಮುಜುಗರಪಡಿಸುವುದಕ್ಕಿಂತ ಭುಜ, ಚೀಲ ಹಿಡಿದ ಕೈ, ಮಡಚಿದ ಕಾಲುಗಳಿಂದ ಆರಂಭಿಸುವುದು ಲೇಸು. ಅವರು ಎದ್ದುಹೋದರೆ ಉಳಿದ ಭಾಗವನ್ನು ನೆನಪಿನಿಂದ ತುಂಬಿಸಬೇಡಿ. ಗೆರೆಯನ್ನು ಅಲ್ಲಿಗೇ ನಿಲ್ಲಿಸಿ, ಅದೇ ಹಾಳೆಯ ಖಾಲಿ ಜಾಗದಲ್ಲಿ ಪಕ್ಕದವರ ಭುಜದಿಂದ ಹೊಸದಾಗಿ ಹೊರಡಿ.