ಲಂಡನ್‌ನ ಆಲ್ಫೀಸ್ ಆಂಟಿಕ್ ಮಾರ್ಕೆಟ್: ಮಗುಚಿ ನೋಡಿ, ಆಮೇಲೆ ಕೊಳ್ಳಿ

ಚರ್ಚ್ ಸ್ಟ್ರೀಟ್‌ನ ಹಳೆ ಡಿಪಾರ್ಟ್‌ಮೆಂಟ್ ಸ್ಟೋರ್ ಕಟ್ಟಡದಲ್ಲಿ 1976ರಿಂದ ನಡೆಯುತ್ತಿರುವ ಹಳೆಯ ವಸ್ತುಗಳ ಮಾರುಕಟ್ಟೆ ಇದು. ಎಡ್ಜ್‌ವೇರ್ ರೋಡ್ ಅಥವಾ ಮೇರಿಲಿಬೋನ್ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಭಾನುವಾರ, ಸೋಮವಾರ ರಜೆ. ಶನಿವಾರ ಹೊರಗಿನ ಬೀದಿಯಲ್ಲೂ ಸಂತೆ ಸೇರುವುದರಿಂದ ಜನ ಹೆಚ್ಚು. ವ್ಯಾಪಾರಿಯ ಜತೆ ನಿಧಾನವಾಗಿ ಮಾತಾಡಬೇಕಿದ್ದರೆ ವಾರದ ನಡುವೆ ಹೋಗಿ. ಇಂಥದೇ ಅಂಗಡಿ ನೋಡಬೇಕೆಂದಿದ್ದರೆ ಮೊದಲೇ ಫೋನ್ ಮಾಡಿ, ಎಲ್ಲರೂ ದಿನವಿಡೀ ಕೂತಿರುವುದಿಲ್ಲ.

10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಪುಟ್ಟ ಭೂತಗನ್ನಡಿ), ಅಳತೆ ಟೇಪು, ಸಣ್ಣ ಆಯಸ್ಕಾಂತ, ಯುವಿ (ಅತಿನೇರಳೆ) ಟಾರ್ಚ್ ಜೇಬಲ್ಲಿರಲಿ. ಬೆನ್ನಚೀಲ ಬೇಡ, ಇಕ್ಕಟ್ಟಿನ ಓಣಿಯಲ್ಲಿ ತಿರುಗುವಾಗ ಗಾಜಿಗೆ ತಗುಲುವುದು ಅದೇ. ಮೊದಲ ಸುತ್ತಿನಲ್ಲಿ ಏನೂ ಕೊಳ್ಳದೆ ಎಲ್ಲ ಮಹಡಿ ನೋಡಿ ಬನ್ನಿ. ಒಂದೇ ಬಗೆಯ ಸಾಮಾನಿಗೆ ಎರಡು ಅಂಗಡಿಯಲ್ಲಿ ಎರಡು ಬೆಲೆ ಇರುವುದು ಮಾಮೂಲು.

ಹೆಚ್ಚು ಜನ ಎಡವುವುದು ಬೆಳ್ಳಿಯಲ್ಲಿ. ಆಯಸ್ಕಾಂತ ಅಂಟಲಿಲ್ಲವೆಂದು ಬೆಳ್ಳಿ ಎಂದುಕೊಳ್ಳುತ್ತಾರೆ. ತಾಮ್ರಕ್ಕೂ ಅದು ಅಂಟುವುದಿಲ್ಲ. ಹಿತ್ತಾಳೆ ಲೇಪದಡಿಯ ಕಬ್ಬಿಣ ಹಿಡಿಯಲು ಮಾತ್ರ ಅದು ಉಪಯೋಗ. ಬೆಳ್ಳಿಗಾದರೆ ಅದರ ಮೇಲೆ ಒತ್ತಿರುವ ಪುಟ್ಟ ಮುದ್ರೆಗಳನ್ನು ಓದಬೇಕು. ನಡೆಯುವ ಸಿಂಹವಿದ್ದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಬೆಳ್ಳಿಯನ್ನು ಪರೀಕ್ಷಿಸಿದ ಊರಿಗೂ ಗುರುತುಂಟು: ಚಿರತೆಯ ತಲೆ ಲಂಡನ್‌ನದು, ಲಂಗರು ಬರ್ಮಿಂಗ್‌ಹ್ಯಾಮ್‌ನದು. ವರ್ಷ ಹೇಳುವ ಅಕ್ಷರವೊಂದನ್ನೇ ನಂಬಬೇಡಿ: ಕೆಲವು ದಶಕಕ್ಕೊಮ್ಮೆ ಅದೇ ಅಕ್ಷರ ಮರಳುತ್ತದೆ, ಅಕ್ಷರದ ಶೈಲಿ, ಸುತ್ತಲ ಚೌಕಟ್ಟಿನ ಆಕಾರ ಎರಡನ್ನೂ ಮುದ್ರೆಗಳ ಪಟ್ಟಿಯೊಂದಿಗೆ ಹೋಲಿಸಿ. ‘ಇಪಿಎನ್‌ಎಸ್’ (EPNS) ಎಂದಿದ್ದರೆ ಅದು ಬೇರೆ ಲೋಹದ ಮೇಲೆ ಬರೀ ಬೆಳ್ಳಿ ಲೇಪ.

ಪಿಂಗಾಣಿಯನ್ನು ಅಂಗೈ ಮೇಲಿಟ್ಟು ಉಗುರಿನಿಂದ ಮೆಲ್ಲನೆ ತಟ್ಟಿ. ಬಿರುಕಿದ್ದರೆ ನಾದ ಬರದೆ ಮಂಕು ಸದ್ದು ಬರುತ್ತದೆ. ಯುವಿ ಬೆಳಕಿನಲ್ಲಿ ಅಂಟು, ಹೊಸ ಬಣ್ಣ ಸುತ್ತಲಿನದಕ್ಕಿಂತ ಬೇರೆಯಾಗಿ ಹೊಳೆಯುವುದುಂಟು.

ಮರದ ಸಾಮಾನಿನ ಜಾತಕ ಇರುವುದು ಅಡಿಯಲ್ಲಿ, ಹಿಂಬದಿಯಲ್ಲಿ. ಕೇಳಿಕೊಂಡು ಡ್ರಾಯರ್ ಪೂರ್ತಿ ಹೊರಗೆಳೆಯಿರಿ. ಮೂಲೆಯಲ್ಲಿ ಹಲಗೆಗಳು ಒಂದಕ್ಕೊಂದು ಕೂಡುವ ಹಲ್ಲುಗಳು ತುಸು ಏರುಪೇರಾಗಿದ್ದರೆ ಕೈಕೆಲಸ. ಗುಂಡು ಮೇಜಿನ ಅಗಲವನ್ನು ಮರದ ಎಳೆಯ ಉದ್ದಕ್ಕೂ ಅಡ್ಡಕ್ಕೂ ಅಳೆಯಿರಿ. ಗಟ್ಟಿ ಮರ ವರ್ಷಗಳು ಕಳೆದಂತೆ ಎಳೆಗೆ ಅಡ್ಡವಾಗಿ ಕುಗ್ಗುತ್ತದೆ. ಎರಡೂ ಅಳತೆ ಕರಾರುವಾಕ್ಕಾಗಿ ಒಂದೇ ಆಗಿದ್ದರೆ ‘ಇನ್ನೂರು ವರ್ಷ ಹಳೇದು’ ಎಂಬ ಮಾತನ್ನು ಅನುಮಾನಿಸಿ.

ಬಿದ್ರಿ ಪಾತ್ರೆ ಕಂಡರೆ, ಕಪ್ಪು ಮೈ ಬೂದುಬಣ್ಣಕ್ಕೆ ತಿರುಗಿದೆಯೇ ನೋಡಿ. ಸತು-ತಾಮ್ರದ ಆ ಮೈಗೆ ಕಪ್ಪು ಬರುವುದು ಬೀದರ್ ಕೋಟೆಯ ಮಣ್ಣಿನ ಲೇಪದಿಂದ. ಯಾರೋ ಪಾಲಿಶ್ ಹಾಕಿ ಉಜ್ಜಿದರೆ ಅದು ಹೋಗಿಬಿಡುತ್ತದೆ. ಅದನ್ನೇ ನೆಪ ಮಾಡಿ ಬೆಲೆ ಇಳಿಸಬಹುದು.

ಚೌಕಾಸಿ ಇಲ್ಲೂ ಉಂಟು, ಆದರೆ ನಮ್ಮ ಸಂತೆಯಂತೆ ಅರ್ಧಕ್ಕೆ ಕೇಳಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ‘ಕೊನೆಯ ಬೆಲೆ ಎಷ್ಟು?’ ಎಂದು ಕೇಳಿ ಸುಮ್ಮನಿರಿ. ರಸೀದಿಯಲ್ಲಿ ವಸ್ತು, ಕಾಲ, ದುರಸ್ತಿ ಬರೆಸಿಕೊಳ್ಳಿ. ಆನೆದಂತ ಇರುವುದನ್ನು ಮಾತ್ರ ಮುಟ್ಟಬೇಡಿ: 2022ರ ಜೂನ್‌ನಿಂದ ಬ್ರಿಟನ್ನಿನಲ್ಲಿ ಅದರ ಮಾರಾಟ ಬಹುಪಾಲು ನಿಷಿದ್ಧ, ವಿನಾಯಿತಿಗೆ ನೋಂದಣಿ ಇಲ್ಲವೇ ಪ್ರಮಾಣಪತ್ರ ಬೇಕು.