ಕಾರಣ ಬರೆಯದೆ ‘ಕನ್ಫರ್ಮ್’ ಆದ ತೀರ್ಪು: ಎರಡನೇ ಅಪೀಲಿಗೆ ನನ್ನ ತಯಾರಿ

ಮೊದಲ ಅಪೀಲಿನಲ್ಲಿ ಸೋತವರು ತೀರ್ಪಿನ ನಕಲು ತಂದುಕೊಟ್ಟರೆ ನಾನು ಹಿಂದಿನಿಂದ ಓದುತ್ತೇನೆ. ಮುಂದಿನ ಪುಟಗಳಲ್ಲಿ ಇರುವುದು ವಾದಪತ್ರದ ಸಾರ, ವಿವಾದಾಂಶಗಳು, ವಕೀಲರು ಕೊಟ್ಟ ತೀರ್ಪುಗಳ ಪಟ್ಟಿ. ನ್ಯಾಯಾಧೀಶರ ಸ್ವಂತ ಮಾತು ಸಿಗುವುದು ಕೊನೆಯ ಪ್ಯಾರಾಗಳಲ್ಲಿ. ಒಂದು ಪಾಲಿನ ದಾವೆಯಲ್ಲಿ ಅದೂ ಇಷ್ಟೇ ಇತ್ತು: ‘ವಿಚಾರಣಾ ನ್ಯಾಯಾಲಯ ಸಾಕ್ಷ್ಯವನ್ನು ಸರಿಯಾಗಿಯೇ ಪರಿಶೀಲಿಸಿದೆ, ಮಧ್ಯಪ್ರವೇಶಿಸಲು ಕಾರಣ ಕಾಣುವುದಿಲ್ಲ.’

ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಆದೇಶ 41, ನಿಯಮ 31ರ ಪ್ರಕಾರ ಅಪೀಲು ತೀರ್ಪಿನಲ್ಲಿ ನಿರ್ಣಯಿಸಬೇಕಾದ ಅಂಶಗಳು, ನಿರ್ಣಯ ಮತ್ತು ಅದಕ್ಕೆ ಕಾರಣ ಇರಬೇಕು. ಆದರೆ ‘ಕಾರಣ ಕೊಟ್ಟಿಲ್ಲ’ ಎಂದಷ್ಟೇ ಹೇಳಿ ಹೈಕೋರ್ಟಿನಲ್ಲಿ ನಿಂತರೆ ಎದುರು ವಕೀಲರು 1967ರಲ್ಲಿ ವರದಿಯಾದ ಸುಪ್ರೀಂ ಕೋರ್ಟಿನ ಗಿರಿಜಾನಂದಿನಿ ದೇವಿ ತೀರ್ಪು ತೆಗೆಯುತ್ತಾರೆ: ಕೆಳ ನ್ಯಾಯಾಲಯದ ಕಾರಣಗಳನ್ನು ಒಪ್ಪುವಾಗ ಅವನ್ನೇ ಮತ್ತೆ ಬರೆಯಬೇಕಾಗಿಲ್ಲ. ಮಾತು ಸರಿಯೇ. ನಮ್ಮ ಕಡೆಗಿರುವುದು ಅದೇ ಕೋರ್ಟಿನ 2001ರ ಸಂತೋಷ್ ಹಜಾರಿ ತೀರ್ಪು. ಹಾಗೆ ಒಪ್ಪುವುದು ಹೊಣೆ ಜಾರಿಸಿಕೊಳ್ಳುವ ದಾರಿ ಆಗಬಾರದು ಎನ್ನುತ್ತದೆ ಅದು. ಯು. ಮಂಜುನಾಥ ರಾವ್ ಪ್ರಕರಣದಲ್ಲಿ (2017) ನಮ್ಮ ಕರ್ನಾಟಕ ಹೈಕೋರ್ಟಿನದೇ ಇಂಥ ತೀರ್ಪನ್ನು ಸುಪ್ರೀಂ ಕೋರ್ಟ್ ರದ್ದುಮಾಡಿ ವಾಪಸು ಕಳಿಸಿತು.

ಹಾಗಾಗಿ ಬಿಟ್ಟುಹೋದ ಒಂದು ನಿರ್ದಿಷ್ಟ ಸಾಕ್ಷ್ಯವನ್ನು ಹುಡುಕಿ ಹಿಡಿಯುವುದೇ ನನ್ನ ಮುಖ್ಯ ಕೆಲಸ. ಆ ದಾವೆಯಲ್ಲಿ ನಾವು ಪ್ರತಿವಾದಿಗಳು. ಪಾಲು ಹಿಂದೆಯೇ ಆಗಿದೆ ಎಂಬುದು ನಮ್ಮ ವಾದ. ‘ಅಣ್ಣತಮ್ಮಂದಿರು ಬೇರೆ ಬೇರೆ ಉಳುತ್ತಿದ್ದರು, ಕಂದಾಯವನ್ನೂ ಬೇರೆ ಬೇರೆ ಕಟ್ಟುತ್ತಿದ್ದರು’ ಎಂದು ವಾದಿಯ ಸಾಕ್ಷಿಯೇ ಪಾಟೀಸವಾಲಿನಲ್ಲಿ ಒಪ್ಪಿದ್ದ. ಎರಡೂ ತೀರ್ಪುಗಳಲ್ಲಿ ಅದರ ಸುದ್ದಿಯೇ ಇಲ್ಲ. ಎರಡನೇ ಅಪೀಲಿಗೆ ಸಿಪಿಸಿ ಕಲಂ 100 ಕೇಳುವ ಮಹತ್ವದ ಕಾನೂನು ಪ್ರಶ್ನೆಯನ್ನು ಈ ಒಪ್ಪಿಗೆಯ ಸುತ್ತಲೇ ಬರೆದೆ: ಎದುರು ಪಕ್ಷದ ಸಾಕ್ಷಿಯ ಈ ಒಪ್ಪಿಗೆಯನ್ನು ಪರಿಗಣಿಸದೆ ಡಿಕ್ರಿಯನ್ನು ಸ್ಥಿರೀಕರಿಸಿದ್ದು ನಿಯಮ 31ಕ್ಕೆ ವಿರುದ್ಧವಲ್ಲವೇ?

ಇದು ನಿಲ್ಲಬೇಕಾದರೆ ಮೊದಲ ಅಪೀಲಿನಲ್ಲಿ ಆ ಅಂಶವನ್ನು ಎತ್ತಿದ್ದಕ್ಕೆ ದಾಖಲೆ ಬೇಕು. ಬಾಯಲ್ಲಿ ವಾದಿಸಿದ್ದು ಕಡತದಲ್ಲಿ ಉಳಿಯುವುದಿಲ್ಲ. ಅದಕ್ಕೇ ಪ್ರತಿ ಅಪೀಲಿನಲ್ಲೂ ಲಿಖಿತ ವಾದ ಕೊಟ್ಟು, ಸಾಕ್ಷಿಯ ಸಂಖ್ಯೆ, ಪುಟ, ಸಾಲು ಸಮೇತ ನಮೂದಿಸುತ್ತೇನೆ. ಕಿರಿಯರಿಗೆ ಇದು ಗುಮಾಸ್ತಿಕೆಯಂತೆ ಕಾಣುತ್ತದೆ, ಕಾಣಲಿ.

ಅಪೀಲಿನಲ್ಲಿ ಪರಿಹಾರ ಕೇಳುವ ಪ್ರಾರ್ಥನೆಯಲ್ಲಿ ಬರೀ ರಿಮಾಂಡ್ (ಪ್ರಕರಣವನ್ನು ಮತ್ತೆ ತೀರ್ಮಾನಿಸಲು ಕೆಳಗೆ ವಾಪಸು ಕಳಿಸುವುದು) ಕೇಳುವುದು ನನಗೆ ಹಿಡಿಸದು. ಗೆದ್ದರೂ ಕಕ್ಷಿದಾರರು ಮತ್ತೆ ವರ್ಷಗಟ್ಟಲೆ ಅಲೆಯಬೇಕು. ಕಡತದಲ್ಲಿ ಸಾಕಷ್ಟು ಸಾಕ್ಷ್ಯವಿದ್ದರೆ, ಕೆಳಗಿನ ಅಪೀಲು ನ್ಯಾಯಾಲಯ ನಿರ್ಣಯಿಸದೆ ಬಿಟ್ಟ ಅಂಶವನ್ನು ಕಲಂ 103ರಡಿ ಹೈಕೋರ್ಟೇ ತೀರ್ಮಾನಿಸಬಹುದು. ಅದನ್ನು ಮೊದಲು ಕೇಳಿ, ರಿಮಾಂಡನ್ನು ಬದಲಿಯಾಗಿ ಇಡುತ್ತೇನೆ. ಅಪೀಲಿನ ಜೊತೆಗೇ ತಡೆಯಾಜ್ಞೆಗೂ ಅರ್ಜಿ ಹಾಕಬೇಕು. ಇಲ್ಲವಾದರೆ ಕೆಳಗೆ ಆಸ್ತಿಯನ್ನು ನಿಜವಾಗಿ ಹಂಚುವ ಅಂತಿಮ ಡಿಕ್ರಿಯ ನಡವಳಿ ಸಾಗುತ್ತಲೇ ಇರುತ್ತದೆ.